ಅಡುಗೆಮನೆ ಗೋಡೆ ಒಡೆಯೋದಾ, ಬೇಡ್ವಾ? ಹಬ್ಬಕ್ಕೆ ಮೂವತ್ತು ಜನ ಸೇರುವ ಮನೆ

ತೋಟದಮನೆ ಸೊಸೆ

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. 1986ರಲ್ಲಿ ಮಾವ ಕಟ್ಟಿಸಿದ್ದು. ಅಡುಗೆಮನೆ 10 ಅಡಿಗೆ 12 ಅಡಿ. ಒಂದೇ ಕಿಟಕಿ, ಕಡಪ ಕಲ್ಲಿನ ಕಟ್ಟೆ, ಹಿಂದೆ ಶೀಟ್ ಹಾಕಿದ ಷೆಡ್ಡಿನಲ್ಲಿ ಸೌದೆ ಒಲೆ. ದಿನಾ ನಾಲ್ಕು ಜನಕ್ಕೆ ಇದು ಸಾಕೇ ಸಾಕು. ಕಷ್ಟ ಆಗುವುದು ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳಲ್ಲಿ, ಆಮೇಲೆ ಬೇಸಿಗೆ ರಜೆಯಲ್ಲಿ. ಬೆಂಗಳೂರು, ಮೈಸೂರಿನಿಂದೆಲ್ಲ ಬಂದು ಇಪ್ಪತ್ತೈದು ಮೂವತ್ತು ಜನ ಆಗ್ತಾರೆ. ಅವರೆಲ್ಲ ಹಾಲ್‌ನಲ್ಲಿ ನಗುತ್ತಾ ಕೂತಿರುತ್ತಾರೆ, ನಾನು ಮತ್ತು ಅತ್ತೆ ಗೋಡೆ ನೋಡಿಕೊಂಡು ಅಕ್ಕಿ ಒಟ್ಟಿ, ಅಂದರೆ ಅಕ್ಕಿ ರೊಟ್ಟಿ, ಬೇಯಿಸುತ್ತಿರುತ್ತೇವೆ. ಜೋಕ್ ಕೇಳಿಸುತ್ತದೆ, ಹೇಳಿದವರು ಯಾರು ಅಂತ ಗೊತ್ತಾಗಲ್ಲ.

ಈ ಸಲ ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ. ಮಳೆ ಮುಗಿದ ಮೇಲೆ ಅಡುಗೆಮನೆ ರಿಪೇರಿ ಮಾಡಿಸೋಣ ಅಂತ ಯಜಮಾನರು ಒಪ್ಪಿದ್ದಾರೆ. ಅಡುಗೆಮನೆಗೂ ಹಾಲ್‌ಗೂ ನಡುವಿನ ಗೋಡೆ ಪೂರ್ತಿ ತೆಗೆಸಿ, ಮಧ್ಯೆ ಗೋಡೆಗೆ ತಾಗದ ಒಂದು ಐಲ್ಯಾಂಡ್ ಕಟ್ಟೆ, ಅದರ ಆಚೆ ಎತ್ತರದ ಕುರ್ಚಿ. ನನ್ನ ಆಸೆ ಇಷ್ಟು. ಮಾಡಿಸಿದವರು ಇದ್ದರೆ ಹೇಳಿ. ಕಲ್ಲು ಯಾವುದು, ಚಿಮಣಿ ಬೇಕಾ, ಕಬೋರ್ಡ್ ಯಾವುದರಲ್ಲಿ, ಎಲ್ಲ ಕೇಳಬೇಕು.

ಗೋಣಿಕೊಪ್ಪದ ಹುಡುಗ

ಒಡೀರಿ ಅಕ್ಕ, ಯೋಚನೆ ಬೇಡ. ಬೆಂಗಳೂರಿನ ನಮ್ಮ ಫ್ಲಾಟಲ್ಲಿ ಓಪನ್ ಕಿಚನ್ ಇದೆ. ಫ್ರೆಂಡ್ಸ್ ಬಂದ್ರೆ ಮಾತಾಡ್ತಾನೇ ಅಡುಗೆ ಆಗುತ್ತೆ. ಐಲ್ಯಾಂಡ್ ಸೂಪರ್.

ನಿವೃತ್ತ ಇಂಜಿನಿಯರ್

ತಮ್ಮಾ, ಫ್ಲಾಟ್ ಬೇರೆ, ಇದು ಬೇರೆ. ನಿಮ್ಮ ಫ್ಲಾಟ್ ನಿಂತಿರುವುದು ಪಿಲ್ಲರ್ ಮೇಲೆ. 1986ರ ಮನೆ ಅಂದರೆ ಹೆಚ್ಚಾಗಿ ಗೋಡೆಯೇ ತಾರಸಿ ಹೊತ್ತಿರುತ್ತದೆ. ಸೊಸೆಯವರೇ, ಮೊದಲು ಆ ಗೋಡೆಯ ದಪ್ಪ ಅಳೆಯಿರಿ. ಗಾರೆ ಬಿಟ್ಟು 9 ಇಂಚು ಇದ್ದರೆ ಅದು ಭಾರ ಹೊತ್ತ ಗೋಡೆ ಅಂತಲೇ ಇಟ್ಟುಕೊಳ್ಳಿ. ನಾಲ್ಕೂವರೆ ಇಂಚಿದ್ದರೂ ಅವಸರ ಬೇಡ, ಮೇಲೆ ಏನಿದೆ ಅಂತ ಒಬ್ಬ ಇಂಜಿನಿಯರ್ ಬಂದು ನೋಡಲಿ. ಮೇಸ್ತ್ರಿ "ಏನೂ ಆಗಲ್ಲ" ಅಂದರೆ ಸಾಲದು. ಏನಾದರೂ ಆದಾಗ ಅವನು ಬೇರೆ ಸೈಟಿನಲ್ಲಿ ಇರುತ್ತಾನೆ.

ಪೂರ್ತಿ ತೆಗೆಯಬೇಕಾದರೆ ತಾರಸಿಗೆ ಜಾಕಿ ಕೊಟ್ಟು, ಬೀಮ್ ಹಾಕಿ, ಅದರ ಎರಡು ತುದಿ ಗಟ್ಟಿ ಗೋಡೆಯ ಮೇಲೆ ಕೂರಬೇಕು. ಆಗದ ಕೆಲಸ ಅಲ್ಲ, ಖರ್ಚಿನ ಕೆಲಸ. ಅದರ ಬದಲು ಐದು ಅಡಿ ಅಗಲದ ಕಿಂಡಿ ತೆಗೆದರೆ ಬೀಮ್ ಚಿಕ್ಕದು, ಖರ್ಚೂ ಕಡಿಮೆ.

ಐಲ್ಯಾಂಡ್ ವಿಷಯ. ಒಬ್ಬರು ಅಡುಗೆ ಮಾಡಲು ಸುತ್ತ 42 ಇಂಚು ಓಡಾಟದ ಜಾಗ ಬೇಕು, ಇಬ್ಬರಾದರೆ 48 ಇಂಚು. ನಿಮ್ಮ ಹತ್ತು ಅಡಿ ಅಂದರೆ 120 ಇಂಚು. ಒಂದು ಕಡೆಯ ಕಟ್ಟೆಗೆ 24 ಹೋಯಿತು, ಐಲ್ಯಾಂಡಿಗೆ ಕಡಿಮೆ ಅಂದರೂ 30, ಎರಡು ಬದಿ ಓಡಾಟಕ್ಕೆ 96. ಒಟ್ಟು 150. ಲೆಕ್ಕ ನೀವೇ ನೋಡಿ.

ಹೋಂಸ್ಟೇ ನಡೆಸುವವಳು

ನಾನು ಓಪನ್ ಕಿಚನ್ ಮಾಡಿಸಿ ಮೂರು ಮಳೆಗಾಲ ಕಂಡವಳು. ಹೇಳ್ತೀನಿ ಕೇಳಿ.

ಫೋಟೋದಲ್ಲಿ ಚೆನ್ನಾಗಿತ್ತು. ಮಡಿಕೇರಿ ಹತ್ತಿರ ನಮ್ಮ ಮನೆ, ಜೂನ್ ಬಂತು ಅಂದ್ರೆ ನಾಲ್ಕು ತಿಂಗಳು ಕಿಟಕಿ ತೆಗೆಯೋ ಹಾಗಿಲ್ಲ. ಪಂದಿ ಕರಿಗೆ ಕೊತ್ತಂಬರಿ, ಜೀರಿಗೆ, ಮೆಣಸು, ಸಾಸಿವೆ, ಮೆಂತ್ಯ ಕಪ್ಪಾಗೋವರೆಗೆ ಹುರೀಬೇಕಲ್ವಾ, ಆ ಹೊಗೆ ಸೀದಾ ಹಾಲ್‌ಗೆ ಹೋಗಿ ಸೋಫಾ ಬಟ್ಟೆಯಲ್ಲಿ ಕೂತಿತು. ಪರದೆ ಒಗೆದರೆ ಒಣಗಲ್ಲ. ಒಗೆಯದಿದ್ದರೆ ಮೆಂತ್ಯದ ವಾಸನೆ. ಆಗಸ್ಟಿನಲ್ಲಿ ಒಬ್ಬರು ಅತಿಥಿ ಬಾಗಿಲು ದಾಟಿದ ಕೂಡಲೇ "ಊಟಕ್ಕೆ ಪೋರ್ಕಾ?" ಅಂದರು. ಅವತ್ತು ಮಾಡಿದ್ದು ತಿಳಿಸಾರು!

ಚಿಮಣಿ ಕಥೆ ಇನ್ನೊಂದು. ಹಾಕಿದವರು ಪೈಪ್ ಹೊರಗೆ ಬಿಟ್ಟಿದ್ದು ಪಶ್ಚಿಮದ ಗೋಡೆಗೆ. ಜುಲೈನಲ್ಲಿ ಗಾಳಿಮಳೆ ಆ ಕಡೆಯಿಂದಲೇ ತಾನೆ ಹೊಡೆಯೋದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಲೆ ಮೇಲೆ ಟಪ್ ಟಪ್ ಅಂತ ನೀರು. ಬರ್ನರ್ ಒಳಗೆಲ್ಲ ಜಿಡ್ಡು ಕಲೆಸಿದ ಕಂದು ನೀರು. ಅವರಿಗೆ ಫೋನ್ ಮಾಡಿದರೆ ಮಳೆ ನಿಂತ ಮೇಲೆ ಬರ್ತೀವಿ ಅಂದರು. ಮಳೆ ನಿಂತಿದ್ದು ಅಕ್ಟೋಬರಿನಲ್ಲಿ.

ತೋಟದಮನೆ ಸೊಸೆ

ಅಯ್ಯೋ ಅಕ್ಕ, ನಗಬೇಕೋ ಅಳಬೇಕೋ ಗೊತ್ತಾಗ್ತಿಲ್ಲ. ಹಾಗಾದರೆ ಚಿಮಣಿನೇ ಬೇಡವಾ?

ಗೋಡೆ ಅಳೆದೆ. ಗಾರೆ ಸೇರಿ ಹತ್ತೂವರೆ ಇಂಚು. ಇಂಜಿನಿಯರ್ ಸಾರ್, ನೀವು ಹೇಳಿದ್ದೇ ನಿಜ.

ಹೋಂಸ್ಟೇ ನಡೆಸುವವಳು

ಚಿಮಣಿ ಬೇಕು, ಸರಿಯಾಗಿ ಕೂರಿಸಬೇಕು ಅಷ್ಟೆ. ಪೈಪ್ 6 ಇಂಚಿನದು ಇರಲಿ. ತಿರುವು ಕಡಿಮೆ ಇದ್ದಷ್ಟೂ ಒಳ್ಳೆಯದು, ಸೊಟ್ಟಸೊಟ್ಟ ಪೈಪ್ ಎಳೆದರೆ ಎಂಥ ಮೋಟರ್ ಇದ್ದರೂ ಹೊಗೆ ಎಳೆಯಲ್ಲ. ಒಲೆಗೂ ಚಿಮಣಿಗೂ 26ರಿಂದ 30 ಇಂಚು ಅಂತರ. ಪೈಪ್ ಪೂರ್ವಕ್ಕೋ ಉತ್ತರಕ್ಕೋ ತೆಗೆಸಿ, ಹೊರತುದಿ ಸ್ವಲ್ಪ ಕೆಳಕ್ಕೆ ವಾಲಿರಲಿ, ಮೇಲೆ ಟೊಪ್ಪಿ ಹಾಕಿಸಿ. ನಾನು ಆಮೇಲೆ ಇದನ್ನೇ ಮಾಡಿಸಿದ್ದು.

ಆದರೆ ಚಿಮಣಿ ಇದೆ ಅಂತ ಗೋಡೆ ಒಡೆಯಬೇಡಿ. ಹುರಿಯೋದು, ಕರಿಯೋದು, ಹತ್ತು ಕೆಜಿ ಮಾಂಸ ಬೇಯಿಸೋದು ಹಿಂದಿನ ಷೆಡ್ಡಿನಲ್ಲೇ ಇರಲಿ. ಷೆಡ್ ಚೆಂದ ಮಾಡಿ. ದುಡ್ಡು ಹೋಗಬೇಕಾದದ್ದು ಅಲ್ಲಿಗೆ.

ಮರಗೆಲಸ ಕುಶಾಲನಗರ

ಕಬೋರ್ಡ್ ಕೇಳಿದ್ರಲ್ವಾ. ಇಪ್ಪತ್ತು ವರ್ಷದಿಂದ ಇದೇ ಕೆಲಸ ನಂದು. ಕೊಡಗಿನ ಮಳೆಗೆ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಥರದ ಮರದ ಪುಡಿ ಒತ್ತಿದ ಹಲಗೆ ಬೇಡವೇ ಬೇಡ. ಸಿಂಕಿನ ಕೆಳಗೆ ಒಂದು ಮಳೆಗಾಲ ಕಳೆದರೆ ನೆನೆದ ಬ್ರೆಡ್ಡಿನ ಹಾಗೆ ಉಬ್ಬುತ್ತೆ. ಪ್ಲೈವುಡ್ ಹಾಕಿಸೋದಾದ್ರೆ ಹಾಳೆ ಮೇಲಿನ ಮುದ್ರೆ ನೋಡಿ. ಐಎಸ್ 303 ಅಂದ್ರೆ ಮಾಮೂಲಿ, ಐಎಸ್ 710 ಅಂದ್ರೆ ಮರೈನ್, ಕುದಿಯುವ ನೀರಿಗೂ ತಡೆಯುತ್ತೆ. ತುಂಬಾ ಜನ ಕೊಟೇಶನ್‌ನಲ್ಲಿ 710 ಬರೆದು 303 ಹಾಕ್ತಾರೆ. ಹಾಳೆ ಕತ್ತರಿಸೋ ಮೊದಲು ನೀವೇ ಹೋಗಿ ನಿಂತು ನೋಡಿ.

ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕ್ಕೋತಿದೀನಿ, ಆದ್ರೂ ಹೇಳ್ತೀನಿ. ಕಟ್ಟೆ ಕೆಳಗೆ ಮರವೇ ಬೇಡ. ಸಿಮೆಂಟ್ ಹಲಗೆ ನಿಲ್ಲಿಸಿ, ಅಲ್ಯೂಮಿನಿಯಂ ಬಾಗಿಲು ಹಾಕಿಸಿ. ಮರ ಮೇಲಿನ ಕಬೋರ್ಡಿಗೆ ಸಾಕು, ಅದೂ ಹಿಂಬದಿಗೆ ಗೋಡೆಯಿಂದ ಒಂದು ಇಂಚು ಬಿಟ್ಟು. ಗಾಳಿ ಆಡದಿದ್ದರೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಮನೆಯಲ್ಲಿ ಹಳೇ ಹಲಸಿನ ಹಲಗೆ, ನಂದಿ ಮರ ಏನಾದ್ರೂ ಅಟ್ಟದ ಮೇಲೆ ಬಿದ್ದಿದ್ರೆ ಬಿಸಾಡಬೇಡಿ. ಅಂಥದ್ದು ಈಗ ಸಿಗಲ್ಲ.

ಕಾಚಂಪುಳಿ ಬಾಟಲಿ

ಕಲ್ಲಿನ ವಿಷಯಕ್ಕೆ ನಾನು ಬರ್ತೀನಿ, ಯಾಕಂದ್ರೆ ನನ್ನ ಹೆಸರೇ ಹೀಗೆ ಬಂದಿದ್ದು. ಬಿಳಿ ಮಾರ್ಬಲ್ ಹಾಕಿಸಿದ್ದೆ. ಹಾಲಿನ ಹಾಗೆ ಹೊಳೀತಿತ್ತು. ಗೃಹಪ್ರವೇಶ ಆಗಿ ಹನ್ನೊಂದನೇ ದಿನ ಕಾಚಂಪುಳಿ (ಪಂದಿ ಕರಿಗೆ ಹಾಕೋ ಕಪ್ಪು ಹುಳಿರಸ) ಬಾಟಲಿ ಕಟ್ಟೆ ಮೇಲೆ ಇಟ್ಟು ಮರೆತೆ. ಬಾಟಲಿ ಪಕ್ಕದಿಂದ ಒಂದು ಹನಿ ಇಳಿದಿತ್ತು ಅನ್ಸುತ್ತೆ. ಬೆಳಿಗ್ಗೆ ಎತ್ತಿದರೆ ತಳದ ಅಳತೆಗೆ ಸರಿಯಾಗಿ ಒಂದು ಉಂಗುರ. ಕಂದು ಬಣ್ಣ ಉಜ್ಜಿದರೆ ಹೋಯಿತು, ಆದರೆ ಅಲ್ಲಿ ಹೊಳಪೇ ಇಲ್ಲ. ಕೈ ಆಡಿಸಿದರೆ ಸ್ವಲ್ಪ ದೊರಗು. ಮಾರ್ಬಲ್ ಅಂದ್ರೆ ಸುಣ್ಣದ ಕಲ್ಲೇ ಅಲ್ವಾ, ಹುಳಿ ತಾಗಿದರೆ ಕಲ್ಲೇ ಕರಗುತ್ತೆ. ಕಲೆ ಅಲ್ಲ ಅದು, ಗಾಯ. ನಿಂಬೆ, ಹುಣಸೆ, ಟೊಮೆಟೊ ಎಲ್ಲದಕ್ಕೂ ಅದೇ ಗತಿ.

ಕ್ವಾರ್ಟ್ಜ್ ಹುಳಿಗೆ ಹೆದರಲ್ಲ. ಆದರೆ ಅದರಲ್ಲಿ ಅಂಟಿನ ಅಂಶ ಇರುತ್ತೆ, ಒಲೆಯಿಂದ ಇಳಿಸಿದ ದಪ್ಪ ತಳದ ಪಾತ್ರೆ ಸೀದಾ ಇಟ್ಟರೆ ಸುಟ್ಟ ಗುರುತು ಉಳಿಯುತ್ತೆ. ಹಬ್ಬದ ದಿನ ಮೂವತ್ತು ಜನದ ಗಲಾಟೆಯಲ್ಲಿ ಯಾರು ಪಾತ್ರೆ ಕೆಳಗೆ ಹಲಗೆ ಇಡ್ತಾರೆ? ಸುಮ್ನೆ ಕಪ್ಪು ಗ್ರಾನೈಟ್ ಹಾಕಿ ಮರೆತುಬಿಡಿ. ನಿಮ್ಮ ಕಡಪ ಕಲ್ಲನ್ನು ಷೆಡ್ಡಿಗೆ ಹಾಕಿ, ಮೀನು ಮಾಂಸ ತೊಳೆಯೋಕೆ ಆಗುತ್ತೆ.

ಸೌದೆ ಒಲೆ ಪಕ್ಷ

ಯಾರೂ ಸೌದೆ ಒಲೆ ತೆಗೆಯಿರಿ ಅಂತ ಹೇಳದೇ ಇರೋದು ನೋಡಿ ಸಮಾಧಾನ ಆಯ್ತು. ನಮ್ಮ ಅಜ್ಜನ ಮನೆಯಲ್ಲಿ ಒಲೆ ಮೇಲಿನ ಅಟ್ಟದಲ್ಲಿ ಮಾಂಸ ಒಣಗುತ್ತಿತ್ತು, ಏಲಕ್ಕಿ ಬುಟ್ಟಿ ಇರುತ್ತಿತ್ತು, ಹೊಗೆ ಹಿಡಿದ ತೊಲೆಗೆ ಹುಳವೂ ಬೀಳುತ್ತಿರಲಿಲ್ಲ. ಈಗಿನವರು ಒಲೆ ತೆಗೆದು ಮೇಲೆ ಹುಳದ ಔಷಧಿ ಹೊಡೆಸ್ತಾರೆ.

ಹೋಂಸ್ಟೇ ನಡೆಸುವವಳು

ಅಣ್ಣಾ, ತೊಲೆಗೆ ಒಳ್ಳೇದು ಸರಿ. ಆ ಒಲೆ ಮುಂದೆ ಊದುಕೊಳವೆ ಹಿಡಿದು ಕೂತಿದ್ದು ಅಜ್ಜನಾ, ಅಜ್ಜಿಯಾ? ಕೆಮ್ಮು ಯಾರಿಗೆ ಬಂತು?

ಸೌದೆ ಒಲೆ ಪಕ್ಷ

ಅಜ್ಜಿಗೆ. ಒಪ್ಪಿದೆ ಅಕ್ಕ.

ಅದಕ್ಕೇ ಹೇಳೋಣ ಅಂತಿದ್ದೆ, ಹೊಗೆಕೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ಗೊತ್ತಲ್ವಾ, ನಮ್ಮ ಅಮ್ಮ ಅದನ್ನೇ ಕಟ್ಟಿಸಿದ್ದರು. ಒಂದೇ ಬೆಂಕಿಗೆ ಸಾಲಾಗಿ ಪಾತ್ರೆ ಕೂರುತ್ತೆ, ಹೊಗೆ ಹಿಂದಿನ ಕೊಳವೆಯಿಂದ ಮೇಲೆ ಹೋಗುತ್ತೆ. ಮುಂದಿನ ಪಾತ್ರೆಯಲ್ಲಿ ಕರಿ, ಹಿಂದಿನದರಲ್ಲಿ ನೀರು. ಕಾಫಿ ಗಿಡ ಸವರಿದ ಕಟ್ಟಿಗೆ, ಸಿಲ್ವರ್ ಓಕ್ ಕೊಂಬೆ ಹೇಗೂ ತೋಟದಲ್ಲೇ ಸಿಗುತ್ತೆ. ಕೊಳವೆ ತಿಂಗಳಿಗೊಮ್ಮೆ ಬಡಿದು ಮಸಿ ಬೀಳಿಸಬೇಕು. ಮರೆತರೆ ಹೊಗೆ ವಾಪಸ್ ನಿಮ್ಮ ಮುಖಕ್ಕೇ.

ನಿವೃತ್ತ ಇಂಜಿನಿಯರ್

ಷೆಡ್ ದೊಡ್ಡದು ಮಾಡುವ ಮಾತು ಬಂದದ್ದರಿಂದ ಒಂದು ಪ್ರಶ್ನೆ. ಷೆಡ್ಡಿನ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ಇದೆಯಾ? ಇದ್ದರೆ ಒಂದು ಅಡಿ ಕೂಡ ಕಡಿಯಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಅಡುಗೆಮನೆಗೆ ನಾಲ್ಕು ಅಡಿ ಸಿಗಲಿ ಅಂತ ಬುಡ ಕೆರೆದು, ಮಳೆಗಾಲದಲ್ಲಿ ಹಿಂದಿನ ಬಾಗಿಲ ತನಕ ಮಣ್ಣು ಬಂದ ಮನೆಗಳನ್ನು ನಾನು ನೋಡಿದ್ದೇನೆ. ಬೇಕಾದರೆ ಪಕ್ಕಕ್ಕೆ ಬೆಳೆಸಿ.

ಗ್ಯಾಸ್ ಸಿಲಿಂಡರನ್ನು ಸೌದೆ ಒಲೆಯ ಷೆಡ್ಡಿನಲ್ಲಿ ಇಡಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಬೆಂಕಿ ಇರುವ ಕಡೆ ಹೋಗುತ್ತದೆ. ಮನೆಯ ಇನ್ನೊಂದು ಬದಿಗೆ ಹೊರಗೆ ಚಿಕ್ಕ ಗೂಡು ಕಟ್ಟಿ, ಜಾಲರಿ ಬಾಗಿಲು ಹಾಕಿ, ಅಲ್ಲಿಂದ ತಾಮ್ರದ ಪೈಪ್ ಎಳೆಸಿ. ಒಲೆ ಹತ್ತಿರದ ರಬ್ಬರ್ ಟ್ಯೂಬ್ 5 ವರ್ಷಕ್ಕೊಮ್ಮೆ ಬದಲಾಯಿಸಬೇಕು.

ಸೋಮವಾರಪೇಟೆ ಸಾವಿತ್ರಿ

ನಡುವೆ ಬಾಯಿ ಹಾಕ್ತಿದೀನಿ, ಬೈಬೇಡಿ. ಎಲ್ಲರೂ ಕಲ್ಲು, ಪ್ಲೈವುಡ್ ಅಂತಿದ್ದೀರಿ, ಅತ್ತೆನ ಯಾರಾದ್ರೂ ಕೇಳಿದ್ರಾ? ನಮ್ಮ ಮನೆಯಲ್ಲಿ ನಾನು ಗೋಡೆ ಒಡೀಬೇಕು ಅಂದಾಗ ಅತ್ತೆ ಒಂದೇ ಮಾತು ಹೇಳಿದರು. "ಬಂದವರಿಗೆ ನನ್ನ ತೊಳೆಯದ ಪಾತ್ರೆ ಯಾಕೆ ಕಾಣಬೇಕು?" ನಾನು ಅವತ್ತು ಸಿಟ್ಟು ಮಾಡಿಕೊಂಡೆ. ಈಗ ಅದು ಸರಿ ಅನ್ಸುತ್ತೆ. ಮೂವತ್ತು ಜನ ಉಂಡ ಮೇಲೆ ಸಿಂಕ್ ಹೇಗಿರುತ್ತೆ ಹೇಳಿ.

ಐಸ್ ಎಲ್ಲಿದೆ

ಗಂಡಸರ ಪರವಾಗಿ ಒಂದು ಮಾತು. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ ಟೂರ್ನಿ 1997ರಲ್ಲಿ ಕರಡದಲ್ಲಿ ಶುರುವಾಯ್ತು, ಅಲ್ಲಿಂದ ಏಪ್ರಿಲ್-ಮೇ ಬಂದ್ರೆ ನಮ್ಮ ಮನೆ ಹೋಟೆಲ್. ನಾವೆಲ್ಲ ಜಗಲಿಯಲ್ಲಿ ಗ್ಲಾಸ್ ಹಿಡ್ಕೊಂಡು ಕೂತಿರ್ತೀವಿ. ಹತ್ತು ನಿಮಿಷಕ್ಕೊಬ್ಬ ಎದ್ದು ಐಸ್ ತರೋಕೆ ಅಡುಗೆಮನೆಗೆ ನುಗ್ತಾನೆ. ಫ್ರಿಜ್ ಇರೋದು ಒಳಮೂಲೆಯಲ್ಲಿ, ಒಲೆ ದಾಟಿ ಹೋಗಬೇಕು. ಎಣ್ಣೆ ಬಾಣಲೆ ಪಕ್ಕ, ಮಕ್ಕಳ ಮೇಲೆ, ಅತ್ತಿಗೆ ಕಾಲು ತುಳಿದು. ಒಂದ್ಸಲ ಅಣ್ಣನ ಮೊಣಕೈ ತಾಗಿ ಇಡೀ ಪಾಪುಟ್ಟು ತಟ್ಟೆ ನೆಲಕ್ಕೆ ಬಿತ್ತು. ಆ ವರ್ಷ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಫ್ರಿಜ್ ಬಾಗಿಲ ಹತ್ತಿರ ಇಡಿ ಅಕ್ಕ. ಸಾಧ್ಯವಾದ್ರೆ ಅಡುಗೆಮನೆಯಿಂದಲೇ ಹೊರಗೆ, ಊಟದ ಮೇಜಿನ ಬದಿಗೆ. ಗ್ಲಾಸ್, ನೀರು, ಐಸ್ ಎಲ್ಲ ಅಲ್ಲೇ ಇರಲಿ. ಅರ್ಧ ಜಗಳ ಮುಗಿಯುತ್ತೆ.

ಗೋಣಿಕೊಪ್ಪದ ಹುಡುಗ

ಈ ಥ್ರೆಡ್‌ನ ಅತಿ ಮುಖ್ಯ ಪೋಸ್ಟ್ ಇದೇ.

ನೂಪುಟ್ಟು ಮಾಯಿ

ನನಗೆ ಅರವತ್ತೆಂಟು ವರ್ಷ, ಮೊಮ್ಮಗಳು ಟೈಪ್ ಮಾಡ್ತಿದ್ದಾಳೆ. ಮಗಳೇ, ನಿನ್ನ ಮೊದಲ ಪೋಸ್ಟ್ ಮತ್ತೆ ಓದಿಸಿದೆ. ನಿನಗೆ ಬೇಕಾಗಿರೋದು ಐಲ್ಯಾಂಡ್ ಅಲ್ಲ. ನಿನಗೆ ಜೊತೆ ಬೇಕು.

ನಿಂತು ಕೆಲಸ ಮಾಡೋ ಕಟ್ಟೆ 32, 33 ಇಂಚು ಇರುತ್ತೆ. ನೂಪುಟ್ಟು, ಅಂದ್ರೆ ಅಕ್ಕಿ ಶಾವಿಗೆ, ಒತ್ತೋ ಮರದ ಒತ್ತು ಅದರ ಮೇಲಿಟ್ಟರೆ ಕೈ ತಲೆಗಿಂತ ಮೇಲೆ ಹೋಗುತ್ತೆ. ಭಾರ ಹಾಕೋಕೆ ಆಗಲ್ಲ, ಭುಜ ನೋವು. ಹಿಂದೆ ನಾವು ನೆಲದ ಮೇಲಿಟ್ಟು ಒತ್ತುತ್ತಿದ್ದೆವು, ಈಗ ಮಂಡಿ ಬಗ್ಗಲ್ಲ. ಅದಕ್ಕೇ ನಾನು ಅಡುಗೆಮನೆಯ ಕಿಟಕಿ ಕೆಳಗೆ ಉದ್ದಕ್ಕೂ ಒಂದು ತಗ್ಗು ಬೆಂಚ್ ಮಾಡಿಸಿದೆ. 18 ಇಂಚು ಎತ್ತರ, ಆರು ಅಡಿ ಉದ್ದ, ಗಟ್ಟಿ ಹಲಗೆ. ಬಿಸಿ ಹಿಟ್ಟು ಹಾಕಿ, ಒತ್ತನ್ನು ಅದರ ಮೇಲಿಟ್ಟು ನಿಂತು ಒತ್ತಿದರೆ ಮೈಯ ಭಾರವೇ ಒತ್ತುತ್ತೆ, ಕೈಗೆ ಕೆಲಸವೇ ಇಲ್ಲ. ಆಮೇಲೆ ಅದೇ ಬೆಂಚಿನ ಮೇಲೆ ಬಂದವರು ಕೂರ್ತಾರೆ. ಕೂತವರ ಕೈಗೆ ಒಂದು ತಟ್ಟೆ ಕಡಂಬುಟ್ಟು ಹಿಟ್ಟು ಕೊಡು. ಮಾತಾಡ್ತಾ ಉಂಡೆ ಕಟ್ಟಲಿ. ನಮ್ಮ ಮನೆಗೆ ಬರೋ ಲಾಯರ್ ಅಳಿಯನೂ ಕಟ್ತಾನೆ, ಒಂದೊಂದು ಉಂಡೆ ಒಂದೊಂದು ಸೈಜು, ಆದರೂ ಬೇಯುತ್ತೆ.

ತೋಟದಮನೆ ಸೊಸೆ

ಮಾಯಿ, ಇದನ್ನು ಅತ್ತೆಗೆ ಓದಿ ಹೇಳಿದೆ. ಮೂರು ವಾರದಿಂದ ರಿಪೇರಿ ಅಂದ್ರೆ ಮುಖ ತಿರುಗಿಸುತ್ತಿದ್ದವರು ಎದ್ದು ಹೋಗಿ ಅಟ್ಟದಿಂದ ಹಳೇ ಹಲಸಿನ ಹಲಗೆ ತೋರಿಸಿದರು. ಏಳು ಅಡಿ ಇದೆ!

ಮರಗೆಲಸ ಕುಶಾಲನಗರ

ನಾನು ಹೇಳಿದ್ದೆ ತಾನೆ. ಪಾಲಿಶ್ ಬೇಡ, ಎಣ್ಣೆ ಸಾಕು. ಹಿಟ್ಟು ಬೀಳೋ ಜಾಗ ಅದು.

ನಿವೃತ್ತ ಇಂಜಿನಿಯರ್

ಸಮಯದ ಬಗ್ಗೆ. ಅಕ್ಟೋಬರ್ ಎರಡನೇ ವಾರ ಶುರು ಮಾಡಿ ಪುತ್ತರಿಯೊಳಗೆ ಮುಗಿಸಿ. ಆಮೇಲೆ ಕಾಫಿ ಕೊಯ್ಲು, ಒಬ್ಬ ಆಳೂ ಸಿಗಲ್ಲ. ತಪ್ಪಿದರೆ ಮಾರ್ಚ್ ತನಕ ಕಾಯಬೇಕು. ಬೀಮ್ ಹಾಕಿದ ಮೇಲೆ ಜಾಕಿ ಬೇಗ ತೆಗೆಯಲು ಬಿಡಬೇಡಿ, ನೀರು ಹಾಕುವುದನ್ನು ನೀವೇ ನೋಡಿಕೊಳ್ಳಿ. ಒಲೆ ಬದಿಗೆ 16 ಆಂಪ್ಸಿನ ಎರಡು ಪಾಯಿಂಟ್ ಈಗಲೇ ಬಿಡಿಸಿ. ಇಂಡಕ್ಷನ್ 2000 ವ್ಯಾಟ್ ಎಳೆಯುತ್ತದೆ, ಅದನ್ನು ಇನ್ವರ್ಟರ್ ಲೈನಿಗೆ ಸೇರಿಸಬೇಡಿ. ಲೈಟು, ಚಿಮಣಿ ಮಾತ್ರ ಇನ್ವರ್ಟರಿಗೆ.

ತೋಟದಮನೆ ಸೊಸೆ

ತುಂಬಾ ದಿನ ಆಯ್ತು, ಕ್ಷಮಿಸಿ. ಕೆಲಸ ಮುಗಿಯಿತು, ಪುತ್ತರಿಯೂ ಆಯಿತು.

ಗೋಡೆ ಪೂರ್ತಿ ಒಡೆಯಲಿಲ್ಲ. ಕಟ್ಟೆಯ ಮಟ್ಟದಿಂದ ಮೇಲೆ ಐದು ಅಡಿ ಅಗಲದ ಕಿಂಡಿ, ಅದಕ್ಕೆ ಸರಿಯುವ ಗಾಜಿನ ಬಾಗಿಲು. ಹುರಿಯುವಾಗ ಮುಚ್ಚುತ್ತೇವೆ, ಬಡಿಸುವಾಗ ತೆರೆಯುತ್ತೇವೆ. ಪಾತ್ರೆ ಆ ಕಡೆ ದಾಟಿಸಿದರೆ ಸಾಕು, ಮೂವತ್ತು ಸಲ ಸುತ್ತಿ ಹೋಗಬೇಕಾಗಿಲ್ಲ. ಸಿಂಕನ್ನು ಕಿಂಡಿಯಿಂದ ಕಾಣದ ಮೂಲೆಗೆ ಹಾಕಿಸಿದೆ, ಇದು ಸೋಮವಾರಪೇಟೆ ಅಕ್ಕನ ಅತ್ತೆಯವರ ನೆನಪಿಗೆ. ಕಪ್ಪು ಗ್ರಾನೈಟ್. ಷೆಡ್ಡಿಗೆ ಹೊಗೆಕೊಳವೆ ಒಲೆ ಮತ್ತು ಹಳೇ ಕಡಪ ಕಲ್ಲು. ಫ್ರಿಜ್ ಹೊರಗೆ ಹೋಯಿತು. ಎಲ್ಲ ಸೇರಿ 3 ಲಕ್ಷ 70 ಸಾವಿರ ಆಯಿತು, ಅಂದುಕೊಂಡಿದ್ದು ಮೂರು. ಹೆಚ್ಚಾಗಿದ್ದು ಷೆಡ್ಡಿಗೆ, ಅದಕ್ಕೆ ಬೇಜಾರಿಲ್ಲ.

ಒಂದು ತಪ್ಪಾಯಿತು. ನೆಲಕ್ಕೆ ಹೊಳೆಯುವ ಟೈಲ್ಸ್ ಆರಿಸಿದ್ದು ನಾನೇ, ಯಾರನ್ನೂ ಕೇಳಲಿಲ್ಲ. ತೋಟದಿಂದ ಒದ್ದೆ ಕಾಲಲ್ಲಿ ಬಂದ ಯಜಮಾನರು ಮೊದಲನೇ ವಾರವೇ ಜಾರಿದರು. ಈಗ ಹಿಂದಿನ ಬಾಗಿಲಿಗೆ ಗೋಣಿಚೀಲ ಹಾಸಿದ್ದೇನೆ. ಹೊಸ ಅಡುಗೆಮನೆ, ಬಾಗಿಲಲ್ಲಿ ಗೊಬ್ಬರದ ಚೀಲ.

ಹಬ್ಬದ ದಿನ ಬೆಂಚಿನ ಮೇಲೆ ಐದು ಜನ ಕೂತಿದ್ದರು. ನಾದಿನಿ ಉಂಡೆ ಕಟ್ಟಿದಳು, ಅವಳ ಮಗ ಒತ್ತು ಹಿಡಿದು ನೇತಾಡಿದ. ಅತ್ತೆ ಎಲ್ಲರಿಗೂ ಕೆಲಸ ಹೇಳುತ್ತಾ ಮಧ್ಯೆ ಕೂತುಬಿಟ್ಟರು. ಜೋಕ್ ಹೇಳುತ್ತಿದ್ದವರು ದೊಡ್ಡಮಾವ ಅಂತ ಗೊತ್ತಾಯಿತು. ಅಷ್ಟೇನೂ ಚೆನ್ನಾಗಿರಲ್ಲ ಅವರ ಜೋಕು.

ಈಗ ಒಂದು ಪ್ರಶ್ನೆ ಉಳಿದಿದೆ. ಗಾಜಿನ ಬಾಗಿಲು ಸರಿಯುವ ಹಳಿಯಲ್ಲಿ ಅಕ್ಕಿ ಹಿಟ್ಟು ಸೇರಿಕೊಂಡು ಜಾಮ್ ಆಗ್ತಿದೆ. ಏನು ಮಾಡಲಿ?

ಮರಗೆಲಸ ಕುಶಾಲನಗರ

ನೀರು ಹಾಕಬೇಡಿ, ಗಂಜಿ ಆಗುತ್ತೆ. ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಒಣಗಿದ್ದನ್ನೇ ಕೆರೆದು ತೆಗೆದು, ಮೇಣದಬತ್ತಿ ಉಜ್ಜಿ.

ನೂಪುಟ್ಟು ಮಾಯಿ

ಬ್ರಷ್ ಆ ಐಸ್ ಹುಡುಗನ ಕೈಗೆ ಕೊಡು.